ಬಣ್ಣದಣ್ಣನ ಮುಖದ ನೀಲಿ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವನು ಬಣ್ಣದಣ್ಣ. ನೂಲಿಗೆ ಬಣ್ಣ ಹಾಕುವುದು ಅವನ ಕೆಲಸ. ಬಣ್ಣದ ಮನೆ ಎಂದರೆ ತಗಡಿನ ಮಾಡಿನ ಉದ್ದನೆಯ ಶೆಡ್ಡು. ಒಳಗೆ ಸಾಲಾಗಿ ಕುದಿಯುವ ತೊಟ್ಟಿಗಳು. ಹಿಂದೆ ಬಯಲು. ನೂಲಿನ ಲಡಿಗಳನ್ನು ಕೋಲಿಗೆ ಸಿಕ್ಕಿಸಿ ತೊಟ್ಟಿಯಲ್ಲಿ ಅದ್ದಬೇಕು, ತಿರುಗಿಸಬೇಕು, ಮತ್ತೆ ಅದ್ದಬೇಕು. ಆಮೇಲೆ ಹಿಂಡಿ, ಬಯಲಿಗೆ ಹೊತ್ತು, ಬಿಸಿಲಲ್ಲಿ ಬಿದಿರಿನ ಗಳುಗಳ ಮೇಲೆ ಹರವಬೇಕು. ಅರ್ಧ ದಿನ ಹಬೆ, ಅರ್ಧ ದಿನ ಬಿಸಿಲು. ಮೀಸೆ ಮೂಡುವ ಮೊದಲಿನಿಂದ ಅವನದು ಅದೇ ಬದುಕು.

ಅವನ ಕೈ ಮೊಣಕೈವರೆಗೆ ಯಾವತ್ತೂ ಒಂದಲ್ಲ ಒಂದು ಬಣ್ಣ. ಮದುವೆಯ ದಿನ ಹಸಿರಾಗಿತ್ತು. ಹುಡುಗಿಯ ಕಡೆಯವರು ಬಾಯಿಗೆ ಸೆರಗು ಹಿಡಿದು ನಕ್ಕರು. ಹುಡುಗಿ ನಗಲಿಲ್ಲ. ಪಕ್ಕದಲ್ಲಿ ಕೂತವನ ಕೈ ನೋಡಿ, “ಹೋಗುತ್ತಾ ಇದು?” ಎಂದು ಕೇಳಿದಳು.

“ಹೋಗುತ್ತೆ. ನಾಳೆ ಬೇರೆ ಬರುತ್ತೆ,” ಎಂದ.

ಅವಳು ಅವನ ಜೊತೆ ಆಡಿದ ಮೊದಲ ಮಾತು ಅದು. ಆಮೇಲೆ ಅವಳು ರಾಟೆಯ ಮುಂದೆ ಕೂತು, ಅವನು ಬಣ್ಣ ಹಾಕಿದ ನೂಲನ್ನೇ ಮಗ್ಗದ ಕಂಡಿಕೆಗೆ ಸುತ್ತುವವಳಾದಳು. ಬೆಳಿಗ್ಗೆ ಅವನ ಕೈಯಲ್ಲಿದ್ದ ಬಣ್ಣ ಸಂಜೆಗೆ ಅವಳ ಬೆರಳಲ್ಲಿರುತ್ತಿತ್ತು. ಅನ್ನದ ತಟ್ಟೆಯ ಅಂಚಿಗೆ, ಬಾಗಿಲ ಚಿಲಕಕ್ಕೆ, ಮಗಳ ತೊಟ್ಟಿಲ ಹಗ್ಗಕ್ಕೆ, ಎಲ್ಲಕ್ಕೂ ಬಣ್ಣ ಹತ್ತಿತ್ತು. ಆ ಮನೆಯಲ್ಲಿ ಬಣ್ಣ ಕಂಡರೆ ಯಾರೂ ಬೆಚ್ಚುತ್ತಿರಲಿಲ್ಲ. ಎಲ್ಲ ಎಡವಟ್ಟೂ ಅಲ್ಲಿಂದಲೇ ಶುರುವಾದದ್ದು.

ಮಗಳ ಮದುವೆಯಾಗಿ, ಮೊಮ್ಮಗಳು ಹುಟ್ಟಿದ ವರ್ಷ, ಅವನ ಎದೆ ಹದ ತಪ್ಪಿತು. ಲಡಿ ಹೊತ್ತು ಬಯಲಿಗೆ ಹೊರಟವನು ಗಳು ಹಿಡಿದು ನಿಂತುಬಿಟ್ಟ. ಎದೆಯೊಳಗೆ ಯಾರೋ ಹಕ್ಕಿ ಹಿಡಿದು ಅದುಮಿದ ಹಾಗೆ ಆಯಿತು ಎಂದು ಆಮೇಲೆ ಹೇಳಿದ. ಆಸ್ಪತ್ರೆಯಲ್ಲಿ ಒಂದು ಮಾತ್ರೆ ಕೊಟ್ಟು ನೋಡಿದರು, ಕೇಳಲಿಲ್ಲ. ಇನ್ನೊಂದು ಕೊಟ್ಟರು, ಅದಕ್ಕೂ ಬಗ್ಗಲಿಲ್ಲ. ಕೊನೆಗೆ ಒಂದು ಬಿಳಿ ಮಾತ್ರೆಗೆ ಎದೆ ತಣ್ಣಗಾಯಿತು. ಹೃದಯದ ಡಾಕ್ಟರು ಕನ್ನಡಕ ಏರಿಸಿಕೊಂಡು, “ಇದನ್ನ ಒಂದು ದಿನಾನೂ ತಪ್ಪಿಸಬೇಡಿ. ಬಿಸಿಲಲ್ಲಿ ಜಾಸ್ತಿ ಓಡಾಡಬೇಡಿ,” ಎಂದರು.

ಮೊದಲ ಮಾತನ್ನು ಇಬ್ಬರೂ ಗಟ್ಟಿಯಾಗಿ ಹಿಡಿದುಕೊಂಡರು. ಎರಡನೆಯದನ್ನು ಆಸ್ಪತ್ರೆಯ ಗೇಟಿನಲ್ಲೇ ಬಿಟ್ಟುಬಂದರು. “ಬಿಸಿಲಲ್ಲಿ ಓಡಾಡಬೇಡಿ ಅಂತ ಯಾರಿಗೆ ಹೇಳಲ್ಲ? ಜ್ವರ ಬಂದವರಿಗೂ ಹೇಳ್ತಾರೆ,” ಎಂದ ಅವನು. ಬಿಸಿಲಿಲ್ಲದೆ ನೂಲು ಒಣಗುತ್ತದೆಯೇ?

ಅಂದಿನಿಂದ ಹೆಂಡತಿಗೆ ಒಂದು ಅಭ್ಯಾಸ ಬಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅವನ ಎದೆಯ ಮೇಲಿನ ಹೊದಿಕೆಯನ್ನೇ ನೋಡುವುದು. ಹೊದಿಕೆ ಏಳಬೇಕು, ಇಳಿಯಬೇಕು. ಅಷ್ಟು ನೋಡಿದ ಮೇಲೆಯೇ ಒಲೆ ಹಚ್ಚುವುದು. ಕೆಲವು ಸಲ ಅವನು ತಮಾಷೆಗೆ ಉಸಿರು ಬಿಗಿಹಿಡಿದು ಮಲಗುತ್ತಿದ್ದ. ಅವಳ ಕೈ ಅವನ ಮೂಗಿನ ಹತ್ತಿರ ಬಂದಾಗ “ಭೌ” ಎನ್ನುತ್ತಿದ್ದ.

“ನಿಮಗೆ ಆಟ. ಇಲ್ಲಿ ನನ್ನ ಜೀವ ಹೋಗುತ್ತೆ.”

“ಹೋಗೋದು ನಂದು ಕಣೆ, ನಿಂದಲ್ಲ.”

ಎರಡನೆಯ ಬೇಸಿಗೆಯಲ್ಲಿ ಅವನ ಮೂಗು ನೀಲಿಯಾಯಿತು. ಒಂದೇ ದಿನಕ್ಕೆ ಅಲ್ಲ. ಮಸಿ ಕೈಯಿಂದ ಒರೆಸಿಕೊಂಡ ಹಾಗೆ ಮೊದಲು ತುದಿಗೆ, ಆಮೇಲೆ ಕೆನ್ನೆಯ ಉಬ್ಬಿಗೆ. ಆಗ ತೊಟ್ಟಿಗಳಲ್ಲೆಲ್ಲ ಕಡುನೀಲಿಯೇ ಕುದಿಯುತ್ತಿತ್ತು. ಯಾವುದೋ ಶಾಲೆಯ ಸಮವಸ್ತ್ರಕ್ಕೆ ನೂಲು ಬೇಕಾಗಿತ್ತು. ಬಾಯ್ಲರ್ ನೋಡಿಕೊಳ್ಳುವವನು ಅವನ ಹಳೆಯ ಗೆಳೆಯ, ಬಾಯಿಗೆ ಬೀಗವಿಲ್ಲದ ಮನುಷ್ಯ.

“ಏನಣ್ಣ, ಸಾರಿಗೆ ಉಪ್ಪು ನೋಡೋ ಹಾಗೆ ತೊಟ್ಟಿಗೆ ಮೂಗು ಅದ್ದಿ ನೋಡಿದ್ಯಾ?”

“ಹೂಂ. ಸ್ವಲ್ಪ ಖಾರ ಕಮ್ಮಿ,” ಎಂದ ಬಣ್ಣದಣ್ಣ.

ಶೆಡ್ಡೆಲ್ಲ ನಕ್ಕಿತು. ಸಂಜೆ ಅವನು ಅದನ್ನೇ ಮನೆಯಲ್ಲಿ ಹೇಳಿ ನಗಿಸಿದ. ಹೆಂಡತಿಯೂ ನಕ್ಕಳು.

ಆಸ್ಪತ್ರೆಗೆ ತೋರಿಸಲು ಹೋದಾಗ ದೊಡ್ಡ ಡಾಕ್ಟರು ಇರಲಿಲ್ಲ. ಎಳೆ ಮುಖದ ಇನ್ನೊಬ್ಬರು ಇದ್ದರು. ಎದೆ ಕೇಳಿದರು, ಚೆನ್ನಾಗಿದೆ ಎಂದರು. ಆಮೇಲೆ ಮುಖ ನೋಡಿ, “ಇದೇನು?” ಎಂದರು.

“ಕೆಲಸದ್ದು ಸ್ವಾಮಿ. ಬಣ್ಣ ಹಾಕೋನು ನಾನು. ತೊಳೆದರೆ ಹೋಗುತ್ತೆ.” ಅವನು ಹೆಮ್ಮೆಯಿಂದ ಎರಡೂ ಕೈ ಮುಂದೆ ಚಾಚಿದ.

ಡಾಕ್ಟರು ಕೈ ನೋಡಿ ನಕ್ಕು, ಅದೇ ಮಾತ್ರೆ ಬರೆದುಕೊಟ್ಟರು.

ಪಕ್ಕದಲ್ಲಿ ನಿಂತ ಹೆಂಡತಿಯ ಕಣ್ಣು ಆ ಕೈಗಳ ಮೇಲೆಯೇ ಇತ್ತು. ಕೈಗಳು ಕೆಂಪಾಗಿದ್ದವು. ಶಾಲೆಯ ನೀಲಿ ನೂಲು ಮುಗಿದು ತಿಂಗಳಾಗಿತ್ತು. ಈಗ ತೊಟ್ಟಿಯಲ್ಲಿ ಇದ್ದದ್ದು ಕೆಂಪು. ಹಾಗಾದರೆ ಮುಖ ಯಾಕೆ ನೀಲಿ? ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನವರನ್ನು ಕರೆದರು.

ಅದಾಗಿ ಸ್ವಲ್ಪ ದಿನಕ್ಕೆ ಬಾಯ್ಲರ್ ಕೆಟ್ಟು ಬಣ್ಣದ ಮನೆ ಮುಚ್ಚಿತು. ರಿಪೇರಿ ಮುಗಿಯುವವರೆಗೆ ಅವನು ಮನೆಯಲ್ಲಿ. ದಿನ ಕಳೆದಂತೆ ಕೈಯ ಕೆಂಪು ತೆಳುವಾಯಿತು, ಉಗುರಿನ ಸಂದಿಗೆ ಇಳಿಯಿತು, ಕೊನೆಗೆ ಅಲ್ಲಿಂದಲೂ ಹೋಯಿತು. ಮದುವೆಯಾದ ಮೇಲೆ ಅವಳು ಬಣ್ಣವಿಲ್ಲದ ಅವನ ಕೈ ಸರಿಯಾಗಿ ನೋಡಿದ್ದು ಅದೇ ಮೊದಲು. ಕೈಯ ಹಿಂಬದಿಯೂ ಬೂದಿ ಬಣ್ಣವಾಗಿತ್ತು. ಮುಖ ಮಾತ್ರ ಇನ್ನೂ ಗಾಢವಾಗಿತ್ತು. ಕಿವಿಯ ಅಂಚು, ಹಣೆ, ಕತ್ತಿನ ಹಿಂದೆ, ಎಲ್ಲ ಕಡೆ ಆ ನೀಲಿ. ಸೀಸದ ಹಾಗೆ, ಹೊಳಪಿಲ್ಲದ್ದು.

ಅವಳು ಬೆರಳಿನಿಂದ ಕೆನ್ನೆ ಒತ್ತಿದಳು. ಬಣ್ಣ ಕದಲಲಿಲ್ಲ. ಬೆರಳಿಗೂ ಹತ್ತಲಿಲ್ಲ.

“ರೀ, ಇದು ಹತ್ತಿದ್ದಲ್ಲ. ಒಳಗಿಂದ ಬಂದದ್ದು.”

“ಸುಮ್ಮನಿರೇ. ಚರ್ಮಕ್ಕೆ ಗಟ್ಟಿಯಾಗಿ ಕೂತಿದೆ, ಅಷ್ಟೇ. ಪುಡಿ ತಾ.”

ಪುಡಿ ಎಂದರೆ ಬಣ್ಣ ತೆಗೆಯುವ ಪುಡಿ. ಬಣ್ಣ ತಪ್ಪಿ ಕೆಟ್ಟ ನೂಲನ್ನು ಆ ಪುಡಿಯ ಬಿಸಿನೀರಿಗೆ ಹಾಕಿದರೆ ಎಂಥ ಬಣ್ಣವೂ ಬಿಟ್ಟು ನೂಲು ಬೆಳ್ಳಗಾಗುತ್ತದೆ. ಮೂಗು ಬಿರಿಯುವ ವಾಸನೆ. ಬಣ್ಣದವರೆಲ್ಲ ಕೈಗೆ ಅದನ್ನು ಚಿಟಿಕೆ ಹಚ್ಚಿ ತೊಳೆಯುವುದುಂಟು. ಮುಖಕ್ಕೆ ಯಾರೂ ಹಚ್ಚುವುದಿಲ್ಲ. ಅವನು ಬಚ್ಚಲ ಕಲ್ಲಿನ ಮೇಲೆ ಕೂತು ಕಣ್ಣು ಬಿಗಿಯಾಗಿ ಮುಚ್ಚಿದ. ಅವಳು ಬಟ್ಟೆಯ ಚೂರಿನಿಂದ ತಿಕ್ಕಿದಳು.

“ಉರಿಯುತ್ತಾ?”

“ತಿಕ್ಕು.”

“ಕೆಂಪಾಗ್ತಿದೆ.”

“ತಿಕ್ಕೇ ಅಂದೆ.”

ಕೆನ್ನೆಯ ಸಿಪ್ಪೆ ಎದ್ದಿತು. ಎರಡು ದಿನ ಮುಖ ಊದಿಕೊಂಡು ಅನ್ನ ಅಗಿಯಲು ಆಗಲಿಲ್ಲ. ಸಿಪ್ಪೆ ಉದುರಿ ಹೊಸ ಚರ್ಮ ಬಂತು. ಅದೂ ನೀಲಿ.

ಅವನು ಕನ್ನಡಿ ಕೆಳಗಿಟ್ಟ. ತಮಾಷೆ ಮಾಡಲಿಲ್ಲ. ಗಂಡ ನಗುವುದು ಬಿಟ್ಟರೆ ಆ ಮನೆಯಲ್ಲಿ ಧೈರ್ಯ ಹೇಳುವವರು ಇನ್ಯಾರಿದ್ದರು?

ನೀರಿಗೆ ನಿಂತಾಗ ಪಕ್ಕದ ಮನೆಯವಳು ಹತ್ತಿರ ಬಂದು ದನಿ ತಗ್ಗಿಸಿದಳು. “ಅಕ್ಕ, ಹೇಳಬಾರದು, ಆದರೂ ಹೇಳ್ತೀನಿ. ನಮ್ಮ ಮಾವ ಸಾಯೋ ಮುಂಚೆ ಹೀಗೇ ನೀಲಿ ಆಗಿದ್ರು. ಎದೆಗೆ ರಕ್ತ ಏರದಿದ್ರೆ ಹಾಗಾಗುತ್ತಂತೆ.”

ಬಿಂದಿಗೆ ತುಂಬಿ ಹೊರಗೆ ಚೆಲ್ಲುತ್ತಿತ್ತು. ಅವಳಿಗೆ ನಲ್ಲಿ ನಿಲ್ಲಿಸುವುದೇ ತೋಚಲಿಲ್ಲ.

ಆ ದಿನವೇ ಮೈದುನನನ್ನು ಕರೆಸಿದಳು. ಗಂಡನ ತಮ್ಮ, ಸಾಮಾನು ಗಾಡಿ ಓಡಿಸುವವನು. ಆ ಗಾಡಿಯಲ್ಲೇ ಮೂವರೂ ಆಸ್ಪತ್ರೆಗೆ ಹೋದರು. ಈ ಸಲ ಚರ್ಮದ ಡಾಕ್ಟರ ಹತ್ತಿರ ಕಳಿಸಿದರು. ಹೆಂಗಸು, ಗಟ್ಟಿ ದನಿ. ಅವನು ರೂಢಿಯಂತೆ “ಕೆಲಸದ್ದು” ಎನ್ನಲು ಹೊರಟ. ಹೆಂಡತಿ ಮಧ್ಯೆ ಬಾಯಿ ಹಾಕಿದಳು.

“ಅಲ್ಲ ಡಾಕ್ಟ್ರೇ. ಕೆಲಸ ಇಲ್ಲದೆ ಮನೇಲಿದ್ದಾರೆ. ಕೈಯ ಬಣ್ಣ ಬಿಟ್ಟಿದೆ, ಮುಖದ್ದು ಬಿಟ್ಟಿಲ್ಲ. ಸತ್ತುಹೋಗ್ತಾರಾ ಇವರು? ಅದೊಂದು ಹೇಳಿ.”

“ಅಂಗಿ ಬಿಚ್ಚಿ,” ಎಂದರು ಡಾಕ್ಟರು.

ಬಿಚ್ಚಿದ. ಕತ್ತುಪಟ್ಟಿಯ ಹತ್ತಿರ ಗೆರೆ ಎಳೆದ ಹಾಗೆ ನೀಲಿ ನಿಂತಿತ್ತು. ಕೆಳಗೆ ಎದೆ, ಬೆನ್ನು, ಹೊಟ್ಟೆ, ಎಲ್ಲ ಅವನದೇ ಮೈಬಣ್ಣ. ನಾಲಿಗೆ ನೋಡಿದರು, ತುಟಿಯ ಒಳಗೆ ನೋಡಿದರು, ಬೆರಳಿಗೆ ಏನೋ ಸಿಕ್ಕಿಸಿ ನೋಡಿದರು.

“ರಕ್ತ ಚೆನ್ನಾಗಿದೆ. ಇದು ಸಾಯೋ ನೀಲಿ ಅಲ್ಲಮ್ಮ. ಎದೆಗೆ ತಗೊಳ್ತಾರಲ್ಲ, ಆ ಮಾತ್ರೆದು. ಕೆಲವರಿಗೆ ಅದು ಚರ್ಮದಲ್ಲಿ ಕೂರುತ್ತೆ. ಬಿಸಿಲು ಬಿದ್ದ ಕಡೆ ಬಣ್ಣ ತಿರುಗುತ್ತೆ. ಎಷ್ಟು ಬಿಸಿಲೋ ಅಷ್ಟು ನೀಲಿ. ತಿಕ್ಕಿದ್ರೆ ಹೋಗಲ್ಲ. ಏನು ಹಚ್ಚಿದ್ರಿ ಇಲ್ಲಿ?”

“ನೂಲಿನ ಬಣ್ಣ ತೆಗೆಯೋ ಪುಡಿ,” ಎಂದಳು ಹೆಂಡತಿ.

“ಮಾತ್ರೆ ನಿಲ್ಲಿಸಿದರೆ ಹೋಗುತ್ತಾ?” ಎಂದು ಅವನು ಕೇಳಿದ.

“ಹೋಗಬಹುದು, ವರ್ಷಗಟ್ಟಲೆ ಬೇಕು. ಪೂರ್ತಿ ಹೋಗದೇನೂ ಇರಬಹುದು. ಆದರೆ ನೀವಾಗೇ ನಿಲ್ಲಿಸೋ ಹಾಗಿಲ್ಲ. ಹೃದಯದ ಡಾಕ್ಟರು ನೋಡಿ ಹೇಳಬೇಕು. ಬೇರೆ ಮಾತ್ರೆ ನಿಮ್ಮ ಎದೆಗೆ ಹಿಡಿದಿಲ್ಲ ಅಂತ ಬರೆದಿದ್ದಾರೆ.”

ಸಾಯೋ ನೀಲಿ ಅಲ್ಲ ಎಂದ ಮಾತಿಗೆ ಅವಳು ಗಾಡಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಅಳಲಿಲ್ಲ. ಗಾಡಿಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಲೇ ಇದ್ದ. ಹೃದಯದ ಡಾಕ್ಟರು ಊರಲ್ಲಿರಲಿಲ್ಲ. ಅವರು ಬಂದ ಮೇಲೆ ಬನ್ನಿ, ಅಲ್ಲಿಯವರೆಗೆ ಹೀಗೇ ನಡೆಯಲಿ ಎಂದಿದ್ದರು.

ಅದೇ ವಾರ ಮಗಳು ಕೂಸನ್ನು ಕರೆದುಕೊಂಡು ಬಂದಳು. ಪುಟ್ಟಿ ಆಗ ಒಂದೊಂದೇ ಮಾತು ಜೋಡಿಸುವ ವಯಸ್ಸು. ಮೊದಲೆಲ್ಲ ಬಾಗಿಲಿನಿಂದಲೇ “ತಾತಾ” ಎಂದು ಓಡಿ ಅವನ ಕಾಲಿಗೆ ಸುತ್ತಿಕೊಳ್ಳುತ್ತಿದ್ದಳು. ಬಹಳ ದಿನವಾಗಿತ್ತು ಬಂದು. ಹೊಸ್ತಿಲಲ್ಲಿ ನಿಂತು ಅವನನ್ನು ನೋಡಿದಳು. ಬಾಯಿ ಚೌಕಾಕಾರವಾಯಿತು. ಆಮೇಲೆ ಕಿರುಚಿಕೊಂಡಳು. ಅಮ್ಮನ ಸೊಂಟ ಹತ್ತಿ ಮುಖ ಹುದುಗಿಸಿದವಳು ಹೋಗುವವರೆಗೆ ಎತ್ತಲಿಲ್ಲ.

“ಮಗು ಅಲ್ವಾ ಅಪ್ಪಾ, ಅಭ್ಯಾಸ ಆಗುತ್ತೆ,” ಎಂದಳು ಮಗಳು. ಅವಳ ಕಣ್ಣೂ ಅವನ ಮುಖದ ಮೇಲೆ ನಿಲ್ಲದೆ ಆಚೀಚೆ ಜಾರುತ್ತಿತ್ತು.

ಅವನು ಟವೆಲ್ಲನ್ನು ತಲೆಯಿಂದ ಗಲ್ಲದವರೆಗೆ ಸುತ್ತಿಕೊಂಡು ಹಿತ್ತಲಿಗೆ ಹೋಗಿ ಕೂತ.

ಬಾಯ್ಲರ್ ಸರಿಹೋಯಿತು. ಅವನು ಕೆಲಸಕ್ಕೆ ಹೊರಟ. ಹೆಂಡತಿ ದಿನಾ ಬೆಳಿಗ್ಗೆ ಮಾತ್ರೆ ಅಂಗೈಗೆ ಹಾಕಿ ನೀರು ಕೊಡುತ್ತಿದ್ದಳು. ಅವನು ಬಾಯಿಗೆ ಹಾಕಿ, ನೀರು ಕುಡಿದು, ಲೋಟ ಕೊಟ್ಟು ಹೋಗುತ್ತಿದ್ದ. ಮಾತು ಕಮ್ಮಿಯಾಗಿತ್ತು. ಹೃದಯದ ಡಾಕ್ಟರು ಬಂದಿದ್ದಾರೆ, ಹೋಗೋಣ ಎಂದರೆ, ಬರುವ ವಾರ ಎನ್ನುತ್ತಿದ್ದ. ಬರುವ ವಾರ ಬಂದರೆ ಅದರ ಮುಂದಿನ ವಾರ.

ಹೀಗೆ ಎರಡು ಮೂರು ತಿಂಗಳು ಕಳೆಯಿತು. ರಜೆಯ ಮರುದಿನ ಅವನು ಹಳೆಯ ಏಪ್ರನ್ ಬಿಟ್ಟು ಬೇರೆ ಹಾಕಿಕೊಂಡು ಹೋಗಿದ್ದ. ಅವಳು ಹಳೆಯದನ್ನು ಒಗೆಯಲು ಎತ್ತಿಕೊಂಡು ಜೇಬು ಮಗುಚಿದಳು. ಒಂದು ಗಟ್ಟಿ ಉಂಡೆ ಕಲ್ಲಿನ ಮೇಲೆ ಬಿತ್ತು. ಮುರಿದು ನೋಡಿದಳು. ಮಾತ್ರೆಗಳು. ಅರ್ಧ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ತೊಟ್ಟಿಯ ನೀರು ಬಿದ್ದು ಒಂದು ಕಡೆ ಹಳದಿ, ಒಂದು ಕಡೆ ಕೆಂಪು, ಒಂದು ಕಡೆ ಹಸಿರು. ಅಷ್ಟೂ ಬಣ್ಣದ ಕೆಲಸದ ದಿನಗಳು ಅಲ್ಲಿದ್ದವು. ಅಷ್ಟೂ ದಿನ ಅವನು ನಾಲಿಗೆಯ ಅಡಿ ಮಾತ್ರೆ ಅಡಗಿಸಿಕೊಂಡು, ಅವಳ ಕಣ್ಣೆದುರೇ ನೀರು ಕುಡಿದು, ದಾರಿಯಲ್ಲಿ ಉಗುಳಿದ್ದ. ಬೀದಿಗೆ ಎಸೆಯಲು ಮನಸ್ಸು ಬಂದಿರಲಿಲ್ಲವೇನೋ, ಜೇಬಿಗೆ ಹಾಕಿದ್ದ.

ಅವಳು ಸೋಪಿನ ಕೈಯಲ್ಲೇ ಓಡಿದಳು. ಚಪ್ಪಲಿ ಹಾಕಲಿಲ್ಲ. ಬೀದಿಯವರು ಏನಾಯ್ತು ಏನಾಯ್ತು ಎಂದರು. ಅವಳ ತಲೆಯಲ್ಲಿ ಒಂದೇ ಚಿತ್ರ. ಅವನು ಕುದಿಯುವ ತೊಟ್ಟಿಯ ಮೇಲೆ ಬಾಗಿ ನಿಂತಿದ್ದಾನೆ. ಎದೆ ನಿಲ್ಲುತ್ತದೆ. ಮುಗ್ಗರಿಸಿದರೆ ಮುಂದಕ್ಕೇ ಬೀಳುತ್ತಾನೆ. ಅದರೊಳಗೆ ಬಿದ್ದರೆ ಎತ್ತಲೂ ಏನೂ ಸಿಗುವುದಿಲ್ಲ.

ಅವನು ತೊಟ್ಟಿಯ ಕಟ್ಟೆಯ ಮೇಲೆ ಹಾಗೆಯೇ ನಿಂತಿದ್ದ, ಹಬೆಯಲ್ಲಿ, ಕೋಲು ತಿರುಗಿಸುತ್ತಾ. ಅವಳನ್ನು ಕಂಡು ಹುಬ್ಬೇರಿಸಿದ.

“ಏನೇ? ಮನೆಗೆ ಬೆಂಕಿ ಬಿತ್ತಾ?”

ಅವಳು ಅಂಗೈ ಬಿಡಿಸಿದಳು. ಸೋಪಿನ ನೊರೆಯ ನಡುವೆ ಬಣ್ಣಬಣ್ಣದ ಉಂಡೆ.

ಅವನು ಕೋಲು ತಿರುಗಿಸುತ್ತಲೇ ನೋಡಿದ. “ಎಷ್ಟು ದಿನ ಆಯ್ತು ನೋಡು, ನುಂಗಿಲ್ಲ. ಏನಾಯ್ತು ನಂಗೆ? ಗುಂಡುಕಲ್ಲಿನ ಹಾಗಿದ್ದೀನಿ. ಸುಮ್ಮನೆ ಹೆದರಿಸ್ತಾರೆ.”

“ಇಳೀರಿ ಅಲ್ಲಿಂದ.”

“ನೂಲು ಕೆಡುತ್ತೆ ಕಣೆ.”

“ನೂಲು ಹಾಳಾಗಿ ಹೋಗಲಿ. ಇಳೀರಿ.” ಅವಳು ಅವನ ಏಪ್ರನ್ನಿನ ದಾರವನ್ನು ಹಿಂದಿನಿಂದ ಕೈಗೆ ಸುತ್ತಿಕೊಂಡು ಜಗ್ಗಿದಳು.

“ಬಿಡೇ, ಎಲ್ಲರೂ ನೋಡ್ತಿದ್ದಾರೆ. ಆ ಕೂಸು ನನ್ನ ಕಂಡು ಕಿರುಚಿತಲ್ಲ, ನೀನು ಮರೆತೆಯಾ? ನನಗೆ ಮರೆಯಕ್ಕಾಗಲ್ಲ. ದೆವ್ವದ ಹಾಗೆ ಬದುಕೋದಕ್ಕಿಂತ…”

ಮಾತು ಅಲ್ಲಿಗೇ ನಿಂತಿತು. ಮೊದಲು ಅವನು ಸಿಟ್ಟಿಗೆ ಸುಮ್ಮನಾದ ಎಂದುಕೊಂಡಳು. ಆಮೇಲೆ ದಾರ ಭಾರವಾಯಿತು. ಕೋಲು ಕೈಜಾರಿ ತೊಟ್ಟಿಯೊಳಗೆ ಹೋಯಿತು. ಅವನು ಮುಂದಕ್ಕೆ ಬಾಗಿದ. ಅವಳು ಇದ್ದಬದ್ದ ಬಲವೆಲ್ಲ ಹಾಕಿ ಹಿಂದಕ್ಕೆ ಎಳೆದಳು. ಇಬ್ಬರೂ ಒದ್ದೆ ಲಡಿಗಳ ರಾಶಿಯ ಮೇಲೆ ಬಿದ್ದರು. ಅವನ ಬೆನ್ನು ಅವಳ ಎದೆಯ ಮೇಲೆ. ಅವನ ಬೆನ್ನಿನೊಳಗೆ ಏನೋ ಗಡಗಡ ಓಡುತ್ತಿತ್ತು, ಕಡಿವಾಣ ಇಲ್ಲದ್ದು. ಬಾಯ್ಲರಿನವನು ಕೂಗಿಕೊಂಡು ಓಡಿಬಂದ. ಅವನ ಬಾಯಲ್ಲಿ ಆ ದಿನ ತಮಾಷೆ ಇರಲಿಲ್ಲ.

ಆಸ್ಪತ್ರೆಯಲ್ಲಿ ಎದೆಗೆ ಕರೆಂಟು ಕೊಟ್ಟು ದಾರಿಗೆ ತಂದರು. ಗಾಜಿನ ಬಾಗಿಲಿನ ಹೊರಗೆ ಅವಳು ನಿಂತೇ ಇದ್ದಳು. ಕೂತರೆ ಏನೋ ಆಗುತ್ತದೆ ಎಂಬ ಭಯ. ಹೃದಯದ ಡಾಕ್ಟರು ಬೈಯಲಿಲ್ಲ. “ಆ ಮಾತ್ರೆ ಮೈಯಲ್ಲಿ ಬಹಳ ದಿನ ಉಳಿಯುತ್ತೆ. ಅದಕ್ಕೇ ಇಷ್ಟು ದಿನ ತಡೀತು. ಅದು ಖಾಲಿ ಆಯ್ತು, ಎದೆ ಬಿಟ್ಟುಕೊಡ್ತು,” ಎಂದರು. ಅಲ್ಲೇ ಇಟ್ಟುಕೊಂಡು ಮತ್ತೊಂದು ಮಾತ್ರೆ ಕೊಟ್ಟು ನೋಡಿದರು. ಎದೆ ಮತ್ತೆ ಓಡಿತು. ಕೊನೆಗೆ ಹಳೆಯ ಬಿಳಿ ಮಾತ್ರೆಯೇ ಗತಿ ಎಂದಾಯಿತು, ಸ್ವಲ್ಪ ಕಡಿಮೆ ಮಾಡಿ. ಬಿಸಿಲಿಗೆ ಮಾತ್ರ ಇನ್ನು ಮುಖ ಕೊಡಬಾರದು. ಆಗಾಗ ರಕ್ತ, ಉಸಿರು, ಕಣ್ಣು ಎಲ್ಲ ತೋರಿಸಬೇಕು.

ಮನೆಗೆ ಬಂದ ಮೊದಲ ಬೆಳಿಗ್ಗೆ ಅವಳು ಮಾತ್ರೆ ಕೊಟ್ಟಳು. ಅವನು ನುಂಗಿದ.

“ಬಾಯಿ ತೆಗೀರಿ.”

“ಏನು?”

“ತೆಗೀರಿ. ನಾಲಿಗೆ ಎತ್ತಿ.”

ಅವನು ಮಗುವಿನ ಹಾಗೆ ಆ ಎಂದು ಬಾಯಿ ತೆರೆದ. ಅವಳು ಬೆಳಕಿಗೆ ತಿರುಗಿಸಿ ನೋಡಿದಳು. “ಹಲ್ಲು ಎಣಿಸ್ತೀಯಾ? ಎತ್ತು ಕೊಳ್ಳೋರ ಹಾಗೆ,” ಎಂದ. ಬಹಳ ದಿನದ ಮೇಲೆ ಅವನ ಬಾಯಲ್ಲಿ ಅಂಥ ಮಾತು ಬಂತು. ಅವಳಿಗೆ ನಗು ಬರಲಿಲ್ಲ.

ಆಮೇಲೆ ಅವನು ಶೆಡ್ಡಿನೊಳಗಿನ ಕೆಲಸ ಮಾತ್ರ ಮಾಡಿದ, ತೊಟ್ಟಿಯಿಂದ ದೂರ, ಬಣ್ಣದ ಪುಡಿ ಅಳೆದು ಬೆರೆಸುವುದು. ದಾರಿಯಲ್ಲಿ ಅಗಲ ಅಂಚಿನ ಟೋಪಿ, ಉದ್ದ ತೋಳು, ಮೇಲೆ ಕೊಡೆ. “ಮದುಮಗಳು ಬಂದಳು, ದಾರಿ ಬಿಡ್ರೋ,” ಎಂದು ಬಾಯ್ಲರಿನವನು ರೇಗಿಸುತ್ತಿದ್ದ. ನೀಲಿ ಹೆಚ್ಚಲಿಲ್ಲ, ಪೂರ್ತಿ ಹೋಗಲೂ ಇಲ್ಲ.

ಪುಟ್ಟಿಗೆ ತಿಳುವಳಿಕೆ ಬಂದ ಮೇಲೆ ಒಂದು ದಿನ ತಾನಾಗೇ ಹತ್ತಿರ ಬಂದಳು. ಬೆರಳಿಗೆ ಎಂಜಲು ಹಚ್ಚಿಕೊಂಡು ಅವನ ಕೆನ್ನೆಯನ್ನು ತಿಕ್ಕಿದಳು. ಅವನು ಉಸಿರು ಬಿಗಿಹಿಡಿದು ಕೂತಿದ್ದ.

“ಹೋಗಲ್ಲ ತಾತ.”

“ಹೋಗಲ್ಲ ಕಂದ.”

“ಸರಿ,” ಎಂದು ಅವನ ಮಡಿಲಲ್ಲಿ ಕೂತಳು.

ಹೆಂಡತಿಯ ಹೆದರಿಕೆ ಮಾತ್ರ ಕೂರಲಿಲ್ಲ. ಬೆಳಿಗ್ಗೆ ಹೊದಿಕೆ ನೋಡುವುದು, ಬಾಯಿ ತೆಗೆಸುವುದು, ಅವನು ಬರುವುದು ತಡವಾದರೆ ರಾಟೆ ನಿಲ್ಲಿಸಿ ಬಾಗಿಲಿಗೆ ಬರುವುದು. ವರ್ಷಗಳು ಹಾಗೆ ಹೋದವು. ಒಂದು ಬೆಳಿಗ್ಗೆ ಹೊದಿಕೆ ಏಳಲಿಲ್ಲ. ತಮಾಷೆ ಮಾಡುತ್ತಿದ್ದಾನೆ ಎಂದು ಕಾದಳು. ಬೈದಳು. ಮೂಗಿನ ಹತ್ತಿರ ಕೈ ಹಿಡಿದಳು. ಭೌ ಎನ್ನಲಿಲ್ಲ.

ಮೈ ತೊಳೆಯಲು ಮೈದುನನೂ ಬಾಯ್ಲರಿನವನೂ ಕೂತರು. ಹಿಂದಿನ ದಿನ ಹಳದಿ ಬೆರೆಸಿದ್ದ. ಕೈಯ ಹಳದಿ ನೀರಿನಲ್ಲಿ ಇಳಿದು ಹೋಯಿತು. ಮೈದುನ ಮುಖವನ್ನು ಮತ್ತೆ ಮತ್ತೆ ತಿಕ್ಕುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು, ಆದರೂ ತಿಕ್ಕುತ್ತಿದ್ದ.

“ಬರೋ ಜನ ನೋಡ್ತಾರೆ ಅತ್ತಿಗೆ. ಸ್ವಲ್ಪ ಬಣ್ಣ ತೆಗೆಯೋ ಪುಡಿ ಇದ್ರೆ ಕೊಡಿ. ಈಗ ಅವನಿಗೆ ನೋವಾಗಲ್ಲ.”

ಅವಳು ಎದ್ದು ಬಂದು ಅವನ ಕೈಯಿಂದ ಬಟ್ಟೆ ಕಿತ್ತುಕೊಂಡಳು.

“ಮುಟ್ಟಬೇಡ. ಅದು ಕೊಳೆ ಅಲ್ಲ. ಅದಿತ್ತು ಅಂತ ಇವರು ಇಷ್ಟು ವರ್ಷ ನನ್ನ ಹತ್ತಿರ ಇದ್ರು.”

ಆಮೇಲೆ ತಾನೇ ಕೂತು, ಬರೀ ನೀರಿನಲ್ಲಿ, ಆ ಮುಖವನ್ನು ಮೆಲ್ಲಗೆ ಒರೆಸಿದಳು.